282 ಹೆಂಗಸರು

ನಮ್ಮೂರಲ್ಲಿ ಮಕ್ಕಳಾಗದ ಹೆಂಗಸರು ಅಶ್ವತ್ಥಕಟ್ಟೆ ಸುತ್ತುತ್ತಿದ್ದರು, ನಾಗರಕಲ್ಲಿಗೆ ಹಾಲೆರೆಯುತ್ತಿದ್ದರು. ಬೆಂಗಳೂರು ಸೇರಿದ ನಾನೂ ನನ್ನ ಹೆಂಡತಿಯೂ ಸುತ್ತಿದ್ದು ಐವಿಎಫ್ ಕ್ಲಿನಿಕ್ಕನ್ನ. ಮೊದಲ ದಿನವೇ ಪುಟಗಟ್ಟಲೆ ಸಹಿ ಹಾಕಿಸಿಕೊಂಡರು. "ಸಕ್ಸಸ್ ಆಗೋ ಚಾನ್ಸ್ ಎಷ್ಟು ಡಾಕ್ಟ್ರೇ?" ಅಂತ ಅವಳು ಕೇಳಿದಳು. "ಪಾಸಿಟಿವ್ ಆಗಿರಿ ಅಮ್ಮ" ಅಂದರು. ಹೊರಗೆ ಮುಂದಿನ ಟೋಕನ್ ಕೂಗಿದರು.

ಆ ಉತ್ತರ ಹೊಸದೇನಲ್ಲ. ಅದಕ್ಕೂ ಐವಿಎಫ್‌ನಷ್ಟೇ ವಯಸ್ಸು.

ಇಂಗ್ಲೆಂಡಿನ ಬ್ರಿಸ್ಟಲ್‌ನ ಲೆಸ್ಲಿ ಬ್ರೌನ್‌ಗೆ ಅಂಡನಾಳ ಮುಚ್ಚಿಕೊಂಡಿತ್ತು. ಒಂಬತ್ತು ವರ್ಷ ಕಾದ ಮೇಲೆ ಓಲ್ಡಮ್ ಊರಿನ ಡಾ. ಪ್ಯಾಟ್ರಿಕ್ ಸ್ಟೆಪ್ಟೋ ಹತ್ತಿರ ಹೋದರು. ಸ್ಟೆಪ್ಟೋ ಲ್ಯಾಪ್ರೋಸ್ಕೋಪ್ ಬಳಸಿ ಅಂಡಾಣು ತೆಗೆಯುತ್ತಿದ್ದರು. ವಿಜ್ಞಾನಿ ರಾಬರ್ಟ್ ಎಡ್ವರ್ಡ್ಸ್ ಮತ್ತು ನರ್ಸ್ ತರಬೇತಿ ಪಡೆದಿದ್ದ ಜೀನ್ ಪರ್ಡಿ ಅದನ್ನು ಲ್ಯಾಬಿನಲ್ಲಿ ಭ್ರೂಣವಾಗಿಸುತ್ತಿದ್ದರು. 1978ರ ಜುಲೈ 25ರ ರಾತ್ರಿ ಲೂಯಿಸ್ ಹುಟ್ಟಿದಳು. ಜಗತ್ತಿನ ಮೊದಲ ಐವಿಎಫ್ ಮಗು.

ಇದು ಪ್ರಯೋಗ ಅನ್ನೋದು ಲೆಸ್ಲಿಗೆ ಗೊತ್ತಿತ್ತು. ಆದರೆ ಈ ವಿಧಾನದಲ್ಲಿ ಅಲ್ಲಿವರೆಗೆ ಒಂದೇ ಒಂದು ಮಗುವೂ ಹುಟ್ಟಿಲ್ಲ ಅಂತ ಡಾಕ್ಟರುಗಳು ಆಕೆಗೆ ಹೇಳಿರಲಿಲ್ಲ! ನಾವು ಒಂದು ಆ್ಯಪ್ ಬಿಡುವಾಗಲೂ 'ಬೀಟಾ' ಅಂತ ಬರೀತೀವಿ, ಅಲ್ವಾ?

ಆಕೆಗೆ ಇದರ ಬಗ್ಗೆ ಸಿಟ್ಟಿರಲಿಲ್ಲ, ಕೃತಜ್ಞತೆ ಇತ್ತು. 1982ರಲ್ಲಿ ಎರಡನೇ ಮಗಳು ನ್ಯಾಟಲಿ ಹುಟ್ಟಿದ್ದೂ ಐವಿಎಫ್‌ನಿಂದಲೇ. ಆದರೆ ಮಗು ಸಿಕ್ಕವರ ಕೃತಜ್ಞತೆಯಿಂದ ಮಾತ್ರ ಇತಿಹಾಸ ಬರೆಯೋಕಾಗಲ್ಲ. 1969ರಿಂದ 1978ರವರೆಗೆ ಓಲ್ಡಮ್‌ನ ಈ ಪ್ರಯೋಗಕ್ಕೆ ಮೈಯೊಡ್ಡಿದವರು 282 ಹೆಂಗಸರು. ಹುಟ್ಟಿದ ಮಕ್ಕಳು ಎರಡು. ಶುರುವಿನ ವರ್ಷಗಳಲ್ಲಿ ಬಂದವರ ಗರ್ಭಕ್ಕೆ ಭ್ರೂಣ ಇಡುವ ಹಂತವೇ ಬಂದಿರಲಿಲ್ಲ. ಅವರ ಅಂಡಾಣುಗಳಿಂದ ಕಲಿತದ್ದೇ ಮುಂದೆ ಲೂಯಿಸ್‌ಗೆ ದಾರಿಯಾಯಿತು. ಎಡ್ವರ್ಡ್ಸ್‌ಗೆ 2010ರಲ್ಲಿ ನೊಬೆಲ್ ಬಂತು. ಬರಿಗೈಲಿ ಮನೆಗೆ ಹೋದ ಹೆಂಗಸರ ಹೆಸರು ನಮಗ್ಯಾರಿಗೂ ಗೊತ್ತಿಲ್ಲ.

ನಮ್ಮ ದೇಶದಲ್ಲಿ ಇದಕ್ಕೊಂದು ಕಾನೂನು ಬಂದದ್ದು 2021ರಲ್ಲಿ. ಯಶಸ್ಸಿನ ಸಾಧ್ಯತೆ, ಅಪಾಯ, ಖರ್ಚು ಎಲ್ಲವನ್ನೂ ಕ್ಲಿನಿಕ್ಕು ಹೇಳಲೇಬೇಕು ಅನ್ನುತ್ತೆ ಅದು. ಬರೀ ಸಹಿ ಸಾಲದು.

ಮುಂದಿನ ಸಲ ಹೋದಾಗ ನನ್ನವಳು ಅದೇ ಪ್ರಶ್ನೆಯನ್ನ ಮತ್ತೆ ಕೇಳಿದಳು. ಕೇಳಿ ಎದ್ದು ಬರಲಿಲ್ಲ, ಕೂತೇ ಇದ್ದಳು. ಡಾಕ್ಟರು ಪೆನ್ನು ಕೆಳಗಿಟ್ಟು, ಅವಳ ವಯಸ್ಸಿಗೆ ಎಷ್ಟು ಅಂತ ಅಂಕಿ ಹೇಳಿದರು. ಸಣ್ಣ ಅಂಕಿಯೇ.

ಆಟೋದಲ್ಲಿ ವಾಪಸ್ ಬರುವಾಗ ಅವಳು ಅಂದಳು, "ಈಗ ಧೈರ್ಯ ಬಂತು ಕಣ್ರೀ."