ಎಲ್ಲಿಗೂ ಅಂಟದ ಚಕ್ರ

ಸೈಕಲ್ ಶಾಪಿನವನು ಚೈನು ಬಿಗಿ ಮಾಡುವುದನ್ನು ನೋಡದವರು ನಮ್ಮಲ್ಲಿ ಕಡಿಮೆ. ಹಿಂದಿನ ಚಕ್ರದ ಎರಡು ನಟ್ಟು ಸಡಿಲಿಸಿ, ಚಕ್ರವನ್ನು ಚೂರು ಹಿಂದಕ್ಕೆಳೆದು, ಮತ್ತೆ ನಟ್ಟು ಬಿಗಿದರೆ ಮುಗಿಯಿತು. ಹಾಗೆ ಎಳೆಯಲು ಬರುವುದು ಫ್ರೇಮಿನ ಹಿಂತುದಿಯಲ್ಲಿ ಅಡ್ಡಕ್ಕೆ ಕೊರೆದಿರುವ ಸೀಳಿನಿಂದ. ಚಕ್ರದ ಅಚ್ಚು ಆ ಸೀಳಿನೊಳಗೆ ಹಿಂದಕ್ಕೂ ಮುಂದಕ್ಕೂ ಜರುಗುತ್ತದೆ. ನಮ್ಮ ಸಾಮಾನ್ಯ ಕರಿ ಸೈಕಲ್ಲಿನಲ್ಲಿ ಈ ಸೀಳನ್ನು ಯಾರೂ ಗಮನಿಸುವುದಿಲ್ಲ. ಅದು ಇಲ್ಲದೆ ಹೋದ ಕಡೆ ಜನ ಏನೇನು ಪಾಡುಪಟ್ಟರು ಎಂಬುದು ಮಾತ್ರ ಸ್ವಾರಸ್ಯದ ಸಂಗತಿ.

ಮೌಂಟನ್ ಬೈಕು ಹುಟ್ಟಿದ್ದು ಒಂದೇ ಗೇರಿನಲ್ಲಿ. ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯಲ್ಲಿ ಎಪ್ಪತ್ತರ ದಶಕದ ಹುಡುಗರು ಮೂವತ್ತು ನಲವತ್ತರ ದಶಕದ ಹಳೆಯ ಷ್ವಿನ್ ಸೈಕಲ್ಲುಗಳನ್ನು ಗುಜರಿಯಿಂದ ಎತ್ತಿ ತಂದು ಬೆಟ್ಟದ ಮಣ್ಣು ದಾರಿಯಲ್ಲಿ ಇಳಿಸುತ್ತಿದ್ದರು. 1976ರ ಅಕ್ಟೋಬರ್‌ನಲ್ಲಿ ಫೇರ್‌ಫ್ಯಾಕ್ಸ್ ಊರಿನ ಹತ್ತಿರ ಶುರುವಾದ ಅವರ ಪಂದ್ಯದ ಹೆಸರು ‘ರಿಪ್ಯಾಕ್’. ಪೆಡಲನ್ನು ಹಿಂದಕ್ಕೆ ಒತ್ತಿದರೆ ಹಿಡಿಯುವ ಬ್ರೇಕು ಆ ಸೈಕಲ್ಲುಗಳದು. ಎರಡು ಮೈಲಿಯಲ್ಲಿ ಸುಮಾರು 1,300 ಅಡಿ ಇಳಿಯುವಷ್ಟರಲ್ಲಿ ಹಬ್ಬಿನೊಳಗಿನ ಗ್ರೀಸು ಹೊಗೆಯಾಗಿ ಹೋಗುತ್ತಿತ್ತು. ಪ್ರತಿ ಸಲವೂ ಬಿಚ್ಚಿ ಹೊಸ ಗ್ರೀಸು ತುಂಬಬೇಕು, ಅದಕ್ಕೇ ಆ ಹೆಸರು.

ಆಮೇಲೆ ಗೇರುಗಳು ಬಂದವು. ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ಇಪ್ಪತ್ತೊಂದು, ತೊಂಬತ್ತರಲ್ಲಿ ಇಪ್ಪತ್ನಾಲ್ಕು. ಕೆಸರು ಮೆತ್ತಿಕೊಳ್ಳುವ, ಕಲ್ಲಿಗೆ ತಗುಲಿ ಮುರಿಯುವ ಈ ಸರಂಜಾಮಿನಿಂದ ರೋಸಿಹೋದ ಕೆಲವರು ತೊಂಬತ್ತರ ದಶಕದಲ್ಲಿ ಎಲ್ಲವನ್ನೂ ಕಿತ್ತುಹಾಕಿ ಮತ್ತೆ ಒಂದೇ ಗೇರಿಗೆ ಮರಳಿದರು. ಮುಂದೆ 32 ಹಲ್ಲು, ಹಿಂದೆ 16 ಹಲ್ಲು, ನಡುವೆ ಒಂದು ಚೈನು. ಏರು ಬಂದರೆ ಸೀಟಿನಿಂದ ಎದ್ದು ನಿಂತು ತುಳಿ, ಆಗದಿದ್ದರೆ ಇಳಿದು ತಳ್ಳು. ಸರಳ ಅಂದರೆ ಇದೇ ಎಂದುಕೊಂಡರು.

ಅಷ್ಟು ಸರಳವಾಗಿರಲಿಲ್ಲ. ಗೇರು ಬದಲಿಸುವ ಡಿರೇಲರ್ ಎಂಬ ಉಪಕರಣ ಯಾರ ಕಣ್ಣಿಗೂ ಬೀಳದಂತೆ ಇನ್ನೊಂದು ಕೆಲಸವನ್ನೂ ಮಾಡುತ್ತಿತ್ತು. ತನ್ನ ಸ್ಪ್ರಿಂಗಿನ ಬಲದಿಂದ ಚೈನನ್ನು ಸದಾ ಬಿಗಿಯಾಗಿ ಹಿಡಿದಿಡುತ್ತಿತ್ತು. ಅದನ್ನು ನಂಬಿಯೇ ಕಂಪನಿಗಳು ಅಡ್ಡ ಸೀಳನ್ನು ಕೈಬಿಟ್ಟು, ಅಚ್ಚು ನೆಟ್ಟಗೆ ಮೇಲೆ ಹೋಗಿ ಕೂರುವ ಲಂಬ ಸೀಳುಗಳನ್ನು ಮಾಡಿದ್ದವು. ಈಗ ಡಿರೇಲರೂ ಇಲ್ಲ, ಚಕ್ರ ಜರುಗಿಸಲು ಜಾಗವೂ ಇಲ್ಲ. ಚೈನು ಜೋತುಬಿದ್ದು, ಮೊದಲ ಕುಳಿಗೇ ಕಳಚಿ ಬೀಳುತ್ತಿತ್ತು.

ಇಲ್ಲಿಂದ ಲೆಕ್ಕ ಶುರು. ಚೈನಿನ ಒಂದು ಕೊಂಡಿ ಅರ್ಧ ಇಂಚು. ಒಳಕೊಂಡಿ ಹೊರಕೊಂಡಿಗಳು ಜೋಡಿಯಾಗಿಯೇ ಇರಬೇಕಾದ್ದರಿಂದ ಕೂಡಿಸಿದರೂ ಕಳೆದರೂ ಒಂದಿಂಚು, ಅಂದರೆ ಅಚ್ಚಿನ ಜಾಗದಲ್ಲಿ ಅರ್ಧ ಇಂಚಿನ ವ್ಯತ್ಯಾಸ. ಹಲ್ಲುಚಕ್ರದಲ್ಲಿ ಒಂದು ಹಲ್ಲು ಬದಲಿಸಿದರೆ ಸುಮಾರು 3 ಮಿಲಿಮೀಟರು. ಇಂಥ ಫ್ರೇಮಿಗೆ ಮುಂದೆ ಇಷ್ಟೇ, ಹಿಂದೆ ಇಷ್ಟೇ ಹಲ್ಲು ಹಾಕಿದರೆ ಚೈನು ತಾನಾಗಿ ಬಿಗಿಯಾಗಿ ಕೂರುತ್ತದೆ ಎಂಬ ಅದೃಷ್ಟದ ಜೋಡಿಯನ್ನು ಹುಡುಕುವುದೇ ಒಂದು ಹವ್ಯಾಸವಾಯಿತು. ಅದಕ್ಕೆ ‘ಮ್ಯಾಜಿಕ್ ಗೇರ್’ ಎಂದು ಹೆಸರು. ಆದರೆ ಚೈನು ಸವೆದು ಹಿಗ್ಗುತ್ತದೆ. ಕೆಲವು ವಾರಗಳಲ್ಲಿ ಮ್ಯಾಜಿಕ್ಕು ಇಳಿದುಹೋಗುತ್ತದೆ.

ಈ ಪೇಚಾಟದಲ್ಲಿ ಕಾಣಿಸಿಕೊಂಡದ್ದೇ ‘ಘೋಸ್ಟ್ ರಿಂಗ್’, ದೆವ್ವದ ಚಕ್ರ. ಯಾವುದಕ್ಕೂ ಬೋಲ್ಟು ಹಾಕದ, ಅಚ್ಚೇ ಇಲ್ಲದ ಒಂದು ಬಿಡಿ ಹಲ್ಲುಚಕ್ರವನ್ನು ಚೈನಿನ ಮೇಲಿನ ಎಳೆ ಮತ್ತು ಕೆಳಗಿನ ಎಳೆಯ ನಡುವೆ ತುರುಕುವುದು. ಅಲ್ಲಿರುವ ಸಂದಿಗಿಂತ ಅದು ಚೂರು ದೊಡ್ಡದು. ಹಾಗಾಗಿ ಎಳೆಗಳನ್ನು ದೂರ ತಳ್ಳಿ ಸಡಿಲವನ್ನು ನುಂಗಿಬಿಡುತ್ತದೆ. ಮೊದಲ ಸಲ ನೋಡಿದವರಿಗೆ ಇದು ಬಿದ್ದೇ ಬೀಳುತ್ತದೆ ಅನ್ನಿಸುತ್ತದೆ. ಬೀಳುವುದಿಲ್ಲ. ತುಳಿಯುವಾಗ ಮೇಲಿನ ಎಳೆ ಮುಂದಕ್ಕೆ ಓಡುತ್ತದೆ, ಕೆಳಗಿನದು ಅಷ್ಟೇ ವೇಗದಲ್ಲಿ ಹಿಂದಕ್ಕೆ. ನಡುವಿನ ಚಕ್ರ ಎರಡಕ್ಕೂ ಹಲ್ಲು ಕೊಟ್ಟು ಇದ್ದಲ್ಲೇ ತಿರುಗುತ್ತದೆ. ಪೆಡಲು ನಿಂತರೆ ಅದೂ ನಿಲ್ಲುತ್ತದೆ. ಹಿಡಿದುಕೊಂಡವರು ಯಾರೂ ಇಲ್ಲ, ಆದರೂ ಗಾಳಿಯಲ್ಲಿ ನಿಂತಿದೆ.

ನುಣುಪು ಟಾರು ರಸ್ತೆಯಲ್ಲಿ ಇದು ನಡೆದೀತು. ಬೆಟ್ಟದಲ್ಲಿ? ಒಂದು ಕಡ್ಡಿ ಸಿಕ್ಕಿಕೊಂಡರೆ, ಕಲ್ಲಿನ ಮೇಲೆ ಧಡಕ್ಕನೆ ಇಳಿದಾಗ ಚೈನು ಪಕ್ಕಕ್ಕೆ ಚಿಮ್ಮಿದರೆ, ದೆವ್ವ ಪೊದೆ ಸೇರುತ್ತದೆ. ಜೊತೆಗೆ ಚೈನೂ ಕಳಚುತ್ತದೆ. ಇದನ್ನು ಕಟ್ಟಿದವರಿಗೆ ಅದು ಗೊತ್ತಿರಲಿಲ್ಲವೇ? ಚೆನ್ನಾಗಿಯೇ ಗೊತ್ತಿತ್ತು. ಹಳೆಯ ಹಲ್ಲುಚಕ್ರವೊಂದು ಕೈಲಿತ್ತು, ಲೆಕ್ಕ ಕೂಡಿಬಂತು, ಮಾಡಿ ನೋಡಿದರು. ಯಾರಿಗೂ ಯಾವ ಭರವಸೆಯನ್ನೂ ಕೊಡಲಿಲ್ಲ.

ಭರವಸೆ ಕೊಟ್ಟ ಚೈನಿನ ಕತೆ ಬೇರೆ. ಅದಕ್ಕೆ ನೂರು ವರ್ಷ ಹಿಂದಕ್ಕೆ, ಎಲ್ಲ ಸೈಕಲ್ಲುಗಳೂ ಹೆಚ್ಚುಕಡಿಮೆ ಒಂದೇ ಗೇರಿನವಾಗಿದ್ದ ಕಾಲಕ್ಕೆ ಹೋಗಬೇಕು. 1895ರಲ್ಲಿ ವಿಲಿಯಂ ಸಿಂಪ್ಸನ್ ಎಂಬ ಇಂಗ್ಲಿಷ್ ಮನುಷ್ಯ ‘ಸಿಂಪ್ಸನ್ ಲಿವರ್ ಚೈನ್’ ತಂದ. ಅದರ ಕೊಂಡಿಗಳು ತ್ರಿಕೋನಾಕಾರ. ಒಳಅಂಚು ಮುಂದಿನ ಹಲ್ಲುಚಕ್ರಕ್ಕೆ ಕೂರುತ್ತದೆ, ಹೊರಮೂಲೆ ಹಿಂದಿನದನ್ನು ತಿರುಗಿಸುತ್ತದೆ. ತ್ರಿಕೋನ ಮೀಟುಗೋಲಿನಂತೆ ಕೆಲಸ ಮಾಡುವುದರಿಂದ ಸವಾರನಿಗೆ ಹೆಚ್ಚು ಬಲ ಸಿಗುತ್ತದೆ ಎಂಬುದು ಜಾಹೀರಾತು. ಮೀಟುಗೋಲಿನಿಂದ ಬಲ ಹೆಚ್ಚಿದರೆ ಅಷ್ಟೇ ದೂರ ಕಮ್ಮಿಯಾಗುತ್ತದೆ. ತುಳಿದದ್ದಕ್ಕಿಂತ ಹೆಚ್ಚು ಯಾವ ಚೈನೂ ಕೊಡಲಾರದು. ಆ ಕಾಲದ ತಿಳಿದವರೂ ಇದನ್ನು ಒಪ್ಪಲಿಲ್ಲ.

ಸಿಂಪ್ಸನ್ ವಾದಕ್ಕೆ ಕೂರದೆ ಪಂದ್ಯ ಕಟ್ಟಿದ. 1896ರ ಜೂನಿನಲ್ಲಿ ಲಂಡನ್ನಿನ ಕ್ಯಾಟ್‌ಫರ್ಡ್ ಟ್ರ್ಯಾಕಿನಲ್ಲಿ ಸಾವಿರಾರು ಜನ ಸೇರಿದ್ದರು. ಅವನ ಪರವಾಗಿ ಜಿಮ್ಮಿ ಮೈಕೆಲ್, ಟಾಮ್ ಲಿಂಟನ್, ಕಾನ್‌ಸ್ಟಂಟ್ ಹ್ಯೂರೆಯಂಥ ಕಾಲದ ಹುಲಿಗಳು. ಅವನ ಕಡೆಯವರೇ ಗೆದ್ದರು. ಆದರೆ ಆಗಿನ ಪಂದ್ಯಗಳಲ್ಲಿ ಸವಾರನ ಮುಂದೆ ಹಲವು ಸೀಟಿನ ಸೈಕಲ್ಲುಗಳ ತಂಡ ಗಾಳಿಯನ್ನು ಸೀಳುತ್ತಾ ಓಡುತ್ತಿತ್ತು. ಸಿಂಪ್ಸನ್ ಪ್ಯಾರಿಸ್ಸಿನಿಂದ ಅತ್ಯುತ್ತಮ ತಂಡವನ್ನೇ ಕರೆಸಿದ್ದ. ಗೆದ್ದದ್ದು ಆ ತಂಡ ಮತ್ತು ಆ ಕಾಲುಗಳು. ತ್ರಿಕೋನಗಳು ಬರೀ ಜೊತೆಯಲ್ಲಿ ಸುತ್ತಿದವು. ಕೆಲವೇ ವರ್ಷಗಳಲ್ಲಿ ಚೈನು ಮಾರುಕಟ್ಟೆಯಿಂದ ಮಾಯವಾಯಿತು.

ಉಳಿದದ್ದು ಒಂದು ಪೋಸ್ಟರ್. ತುಲೂಸ್ ಲೊತ್ರೆಕ್ ಸಿಂಪ್ಸನ್ ಚೈನಿಗಾಗಿ ಅದನ್ನು ಬರೆದುಕೊಟ್ಟ. ಅವನ ಮೊದಲ ಪ್ರಯತ್ನವನ್ನು ಚೈನು ಸರಿಯಾಗಿ ಬಿಡಿಸಿಲ್ಲವೆಂದು ತಿರಸ್ಕರಿಸಿದರಂತೆ. ಮೀಟುಗೋಲಿನ ಲೆಕ್ಕದಲ್ಲಿ ಇಲ್ಲದ ಕಟ್ಟುನಿಟ್ಟು ಚಿತ್ರದ ವಿಷಯದಲ್ಲಿ ಇತ್ತು ಎನ್ನೋಣ.

ಕೆಲಸಕ್ಕೆ ಬಾರದ ಯಂತ್ರಗಳನ್ನೆಲ್ಲ ಒಂದೇ ಬುಟ್ಟಿಗೆ ಹಾಕುವುದು ನನಗೆ ಒಪ್ಪಿಗೆಯಿಲ್ಲ. ಸಿಂಪ್ಸನ್ನನ ಚೈನು ಲೆಕ್ಕವನ್ನು ಮರೆಮಾಚಿ ದುಡ್ಡು ಕೇಳಿತು. ಘೋಸ್ಟ್ ರಿಂಗಿನಲ್ಲಿ ಲೆಕ್ಕವೊಂದೇ ಇರುವುದು, ಮುಚ್ಚಿಡಲು ಬೇರೇನೂ ಇಲ್ಲ. ಎರಡರ ನಡುವೆ ಎಲ್ಲೋ ಬರುವುದು ಫ್ರಾನ್ಸಿನ ಮಾನ್ಯುಫ್ರಾನ್ಸ್ ಕಂಪನಿಯ ‘ಇರೊಂದೆಲ್’ ಸೈಕಲ್ಲು. ಅದರಲ್ಲಿ ಮುಂದಕ್ಕೆ ತುಳಿದರೆ ಒಂದು ಗೇರು, ಹಿಂದಕ್ಕೆ ತುಳಿದರೆ ಏರು ಹತ್ತಲು ಇನ್ನೊಂದು, ಸೈಕಲ್ಲು ಹೋಗುವುದು ಮಾತ್ರ ಮುಂದಕ್ಕೇ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅದು ನಿಜಕ್ಕೂ ಮಾರಾಟವಾಯಿತು, ನಿಜಕ್ಕೂ ಓಡಿತು. ಬೆಟ್ಟ ಹತ್ತುತ್ತಾ ಹಿಂದಕ್ಕೆ ತುಳಿಯುವವನ ಮುಖ ಹೇಗಿರುತ್ತಿತ್ತೋ!

ಮೌಂಟನ್ ಬೈಕಿನ ಕಂಪನಿಗಳು ಕೊನೆಗೂ ಎಚ್ಚೆತ್ತು ಒಂಟಿ ಗೇರಿಗೆಂದೇ ಫ್ರೇಮು ಮಾಡತೊಡಗಿದವು. ಅಡ್ಡ ಸೀಳು ಮರಳಿ ಬಂತು. ಅಷ್ಟರಲ್ಲಿ ಡಿಸ್ಕ್ ಬ್ರೇಕುಗಳೂ ಬಂದಿದ್ದವು. ಚಕ್ರವನ್ನು ಹಿಂದಕ್ಕೆಳೆದರೆ ಡಿಸ್ಕು ಬ್ರೇಕಿನ ಬಾಯಿಂದ ತಪ್ಪಿಸಿಕೊಳ್ಳುತ್ತದೆ. ಹಾಗಾಗಿ ಬ್ರೇಕನ್ನೂ ಸೇರಿಸಿ ಜರುಗುವ ತುಂಡುಗಳನ್ನು ಫ್ರೇಮಿನ ತುದಿಗೆ ಬೋಲ್ಟು ಹಾಕಿ ಕೂರಿಸಿದರು. ಇನ್ನು ಕೆಲವರು ಇಬ್ಬರು ತುಳಿಯುವ ಜೋಡಿ ಸೈಕಲ್ಲಿನಿಂದ ಎರವಲು ತಂದು, ಪೆಡಲಿನ ಅಚ್ಚನ್ನೇ ನಟ್ಟನಡುವಿನಿಂದ ಸರಿಸಿ ಕೂರಿಸಿ ತಿರುಗಿಸುವ ಉಪಾಯ ಮಾಡಿದರು. ಅದು ಚೈನನ್ನೇನೋ ಬಿಗಿಯಾಗಿಡುತ್ತದೆ, ಆದರೆ ಒಳಗೆ ಮಣ್ಣು ಸೇರಿದ ಮೇಲೆ ಪ್ರತಿ ತುಳಿತಕ್ಕೂ ಕಿರಗುಟ್ಟುತ್ತದೆ ಎಂಬ ದೂರು ಇಂದಿಗೂ ನಿಂತಿಲ್ಲ.