ಎರವಲು ಭಂಡಾರ: ಒಂದು ಪುರಾತನ ಪರಂಪರೆ

ದೇವಾಲಯದ ಶತಮಾನೋತ್ಸವದ ಶುಭಸಂದರ್ಭದಲ್ಲಿ ನಾವು ಬಲಿಪೀಠವನ್ನೂ ಗೋಪುರವನ್ನೂ ಗಂಟೆಯನ್ನೂ ಸ್ಮರಿಸುವುದು ಸಹಜ. ಆದರೆ ಕ್ರೈಸ್ತ ಸಮುದಾಯದ ಬಾಳನ್ನು ಕಟ್ಟಿದ ಸಾಧನಗಳಲ್ಲಿ ಗುದ್ದಲಿ, ಗರಗಸ, ಅಡುಗೆಯ ಪಾತ್ರೆಗಳಿಗೂ ಸ್ಥಾನವುಂಟು. ಆದಿಕ್ರೈಸ್ತರು ತಮ್ಮ ಸೊತ್ತನ್ನು ಎಲ್ಲರ ಸೊತ್ತೆಂದು ಭಾವಿಸಿದರೆಂದು ಪ್ರೇಷಿತರ ಕಾರ್ಯಕಲಾಪಗಳು ತಿಳಿಸುತ್ತವೆ. ಆ ಆದರ್ಶವನ್ನು ದಿನನಿತ್ಯದ ಕಟ್ಟಳೆಯಾಗಿ ರೂಢಿಗೆ ತಂದವರಲ್ಲಿ ಮಠವಾಸಿಗಳು ಅಗ್ರಗಣ್ಯರು.

6ನೆಯ ಶತಮಾನದಲ್ಲಿ ಇಟಲಿಯ ಸಂತ ಬೆನೆಡಿಕ್ಟರು ರಚಿಸಿದ ನಿಯಮಾವಳಿಯ 32ನೆಯ ಅಧ್ಯಾಯವು ಮಠದ ಉಪಕರಣಗಳನ್ನೇ ಕುರಿತದ್ದು. ಅವುಗಳನ್ನು ನಂಬಿಕಸ್ಥರಾದ ಸಹೋದರರ ವಶಕ್ಕೆ ಒಪ್ಪಿಸಬೇಕು. ಕೊಟ್ಟದ್ದೇನು, ಮರಳಿ ಬಂದದ್ದೇನು ಎಂದು ಅರಿಯಲು ಮಠಾಧಿಪತಿ ಪಟ್ಟಿಯೊಂದನ್ನು ಇಡಬೇಕು. ಅಲಕ್ಷ್ಯದಿಂದ ಬಳಸಿದವನನ್ನು ತಿದ್ದಬೇಕು. ಮಠದ ಪಾತ್ರೆಪದಾರ್ಥಗಳನ್ನೆಲ್ಲ ಬಲಿಪೀಠದ ಪವಿತ್ರ ಪಾತ್ರೆಗಳಂತೆ ಕಾಣಬೇಕೆಂದು 31ನೆಯ ಅಧ್ಯಾಯವು ಉಗ್ರಾಣದ ಅಧಿಕಾರಿಗೆ ವಿಧಿಸುತ್ತದೆ. ಪ್ರಯಾಣ ಹೊರಡುವವನು ವಸ್ತ್ರಭಂಡಾರದಿಂದ ತುಸು ಉತ್ತಮವಾದ ಉಡುಪನ್ನು ಪಡೆದು, ಹಿಂದಿರುಗಿದ ಮೇಲೆ ಮರಳಿಸಬೇಕೆಂಬ ನಿಯಮವೂ ಉಂಟು. 13ನೆಯ ಶತಮಾನದ ಸಂತ ತೋಮಸ್ ಅಕ್ವಿನಾಸರು ಸೊತ್ತಿನ ಪಾಲನೆ ಒಬ್ಬೊಬ್ಬನಿಗೆ ಸೇರಿದ್ದರೂ ಅದರ ಬಳಕೆ ಕೊರತೆಯುಳ್ಳವರಿಗೆ ತೆರೆದಿರಬೇಕೆಂದು ಬೋಧಿಸಿದರು.

ಇದೇ ತತ್ತ್ವವು ನಮ್ಮ ಕಾಲದಲ್ಲಿ ಲೌಕಿಕ ಸಂಸ್ಥೆಗಳಲ್ಲಿಯೂ ಮೈದಳೆದಿದೆ. ಅಮೆರಿಕದ ಮಿಶಿಗನ್ ರಾಜ್ಯದ ಗ್ರಾಸ್ ಪಾಯಿಂಟ್ ಸಾರ್ವಜನಿಕ ಗ್ರಂಥಾಲಯವು ಮಹಾಯುದ್ಧದ ನಡುವೆ, 1943ರಲ್ಲಿ, ಪುಸ್ತಕಗಳೊಂದಿಗೆ ಉಪಕರಣಗಳನ್ನೂ ಎರವಲು ನೀಡತೊಡಗಿತು. ಕ್ಯಾಲಿಫೋರ್ನಿಯದ ಬರ್ಕಲಿ ನಗರದ ಗ್ರಂಥಾಲಯವು 1979ರಲ್ಲಿ ಸರಕಾರದ ಅನುದಾನದಿಂದ ಇಂಥದೇ ವಿಭಾಗವನ್ನು ತೆರೆಯಿತು. ನಗರವಾಸಿಗಳು ಏಣಿ, ಗರಗಸ, ತೋಟದ ಸಲಕರಣೆಗಳನ್ನು ಶುಲ್ಕವಿಲ್ಲದೆ ಪಡೆದು, ಗೊತ್ತಾದ ದಿನದೊಳಗೆ ಹಿಂದಿರುಗಿಸುತ್ತಾರೆ.

ನಮ್ಮ ನಾಡಿಗೂ ಇದು ಹೊಸತಲ್ಲ. ಮದುವೆಗೆ ಹಂಡೆ, ಕೊಪ್ಪರಿಗೆ, ಜಮಖಾನೆಗಳನ್ನು ಊರವರು ಒಬ್ಬರಿಗೊಬ್ಬರು ಕೊಟ್ಟು ನಡೆಸಿದ ಕಾಲವುಂಟು. ಶಾಮಿಯಾನದ ಅಂಗಡಿಗಳು ಬಂದ ಮೇಲೆ ಹಣವುಳ್ಳವರಿಗೆ ಅನುಕೂಲವಾಯಿತು. ಬಡವನಿಗೆ ಬಾಡಿಗೆಯೂ ಸಾಲದ ಬಾಬತ್ತಾಯಿತು. ಸಿರಿವಂತರ ಮನೆಯಲ್ಲಿ ಏಣಿಯನ್ನು ಬೇಡುವವನು ತಲೆ ತಗ್ಗಿಸಿ ನಿಲ್ಲಬೇಕಾಗುತ್ತದೆ. ಸಮುದಾಯದ ಭಂಡಾರದಿಂದ ಅದನ್ನೇ ಒಯ್ಯುವವನು ಪುಸ್ತಕದಲ್ಲಿ ಸಹಿ ಹಾಕಿ, ಒಡೆಯರಲ್ಲಿ ಒಬ್ಬನಾಗಿ ನಡೆಯುತ್ತಾನೆ. ಎರವಲು ಭಂಡಾರದ ನಿಜವಾದ ಬೆಲೆ ಈ ಮರ್ಯಾದೆಯಲ್ಲಿದೆ.

ಆದರೆ ಎಲ್ಲರ ಸೊತ್ತು ಯಾರ ಸೊತ್ತೂ ಆಗದೆ ಹಾಳಾಗುವುದೂ ಲೋಕಾನುಭವ. ಮೊಂಡಾದ ಉಳಿಯನ್ನು ಮಸೆಯುವವರು, ಬಾರದ ಪಾತ್ರೆಯನ್ನು ವಿಚಾರಿಸುವವರು ಇಲ್ಲದಿದ್ದರೆ ಭಂಡಾರವು ಬೇಗನೆ ಬರಿದಾಗುತ್ತದೆ. ಆದುದರಿಂದಲೇ ಬೆನೆಡಿಕ್ಟರು ಔದಾರ್ಯದೊಂದಿಗೆ ಪಟ್ಟಿಯನ್ನೂ ವಿಧಿಸಿದರು.

ಎರಡನೆಯ ಶತಮಾನಕ್ಕೆ ಕಾಲಿಡುತ್ತಿರುವ ನಮ್ಮ ಧರ್ಮಕೇಂದ್ರದಲ್ಲಿ ಒಂದು ಕಪಾಟು, ಒಂದು ಲೆಕ್ಕದ ಪುಸ್ತಕ, ಹೊಣೆಯರಿತ ಒಬ್ಬ ಪಾಲಕ ಇಷ್ಟು ದೊರೆತರೆ ಈ ಪರಂಪರೆ ಮುಂದುವರಿಯಬಲ್ಲದು. ಬಡಗಿಯ ಮನೆಯಲ್ಲಿ ಬೆಳೆದ ಪ್ರಭುವಿನ ಹೆಸರಿನಲ್ಲಿ ನೆರೆದಿರುವ ನಮಗೆ ಇದಕ್ಕಿಂತ ಸಲ್ಲುವ ಸ್ಮಾರಕ ಬೇರೊಂದಿರಲಾರದು.