ಪಡಸಾಲೆಯಿಂದ ಹೊರಟ ಮಿಷನ್

ಅಬ್ಬೆ ದುಬ್ವಾ ಕೈಚೆಲ್ಲಿ ಹೋದರು. ಮೂವತ್ತು ವರ್ಷ ದಕ್ಷಿಣ ಭಾರತದಲ್ಲಿ, ಅದರಲ್ಲೂ ಹೆಚ್ಚಿನ ಕಾಲ ಮೈಸೂರು ಸೀಮೆಯಲ್ಲಿ, ಇಲ್ಲಿನವರಂತೆಯೇ ಉಟ್ಟು ಉಂಡು ಬಾಳಿದ ಫ್ರೆಂಚ್ ಪಾದ್ರಿ ಅವರು. ಟಿಪ್ಪುವಿನ ಪತನದ ನಂತರ ಶ್ರೀರಂಗಪಟ್ಟಣದಲ್ಲಿ ಚೆದುರಿಹೋಗಿದ್ದ ಕ್ರೈಸ್ತ ಕುಟುಂಬಗಳನ್ನು ಮತ್ತೆ ಕೂಡಿಸಿದರು, ಸಿಡುಬಿನ ಲಸಿಕೆ ಹಾಕಿಸಿಕೊಳ್ಳಲು ಜನರ ಮನವೊಲಿಸಿದರು, ಹಾಸನದ ಕಡೆ ಬಡ ಕ್ರೈಸ್ತರಿಗೆ ಬೇಸಾಯದ ನೆಲೆ ಮಾಡಿಕೊಟ್ಟರು. ಆದರೂ 1823ರಲ್ಲಿ ಫ್ರಾನ್ಸಿಗೆ ಮರಳುವ ಹೊತ್ತಿಗೆ ಅವರ ತೀರ್ಮಾನ ಗಟ್ಟಿಯಾಗಿತ್ತು: ಈ ದೇಶದಲ್ಲಿ ಮತಪ್ರಚಾರ ಫಲ ಕೊಡುವ ಕಾಲ ಕಳೆದುಹೋಗಿದೆ. ಅದೇ ವರ್ಷ ಲಂಡನ್ನಿನಲ್ಲಿ ಅಚ್ಚಾದ ಅವರ ಪತ್ರಗಳ ಪುಸ್ತಕ ಇದನ್ನೇ ಸಾರಿತು. ಇಂಗ್ಲಿಷ್ ಪಾದ್ರಿಗಳು ಕೆರಳಿ ಉತ್ತರಗಳನ್ನು ಬರೆದರು.

ಕನ್ನಡ ನಾಡಿನ ಕ್ರೈಸ್ತ ಮಿಷನ್ ಚರಿತ್ರೆಯನ್ನು ಈ ಸೋಲಿನಿಂದ ಶುರುಮಾಡುವುದು ಒಳ್ಳೆಯದು. ಸಾಮಾನ್ಯವಾಗಿ ನಮ್ಮ ಬರಹಗಳು ಗೆಲುವುಗಳ ಪಟ್ಟಿಯನ್ನೇ ಓದುತ್ತವೆ: ಮೊದಲ ಪತ್ರಿಕೆ, ದೊಡ್ಡ ನಿಘಂಟು, ಹಂಚಿನ ಕಾರ್ಖಾನೆ, ಖಾಕಿ ಬಟ್ಟೆ. ಅದೆಲ್ಲ ನಿಜ. ಆದರೆ ಈ ಕೆಲಸ ಎರಡು ಶತಮಾನಗಳಲ್ಲಿ ಹಲವು ಸಲ ಬತ್ತಿದೆ, ಮತ್ತೆ ಒಸರಿದೆ. ಪ್ರತಿ ಸಲವೂ ಒರತೆ ಸಿಕ್ಕಿದ್ದು ದೊಡ್ಡ ಯೋಜನೆಗಳಲ್ಲಲ್ಲ, ದಿನನಿತ್ಯದ ಬದುಕಿನ ಮಟ್ಟದಲ್ಲಿ, ಮನೆಯ ಪಡಸಾಲೆಯಲ್ಲಿ, ದುಡಿಮೆಯ ಜಾಗದಲ್ಲಿ ಎಂಬುದು ನನ್ನ ಓದಿಗೆ ಕಂಡದ್ದು.

ದುಬ್ವಾಗೂ ಮೊದಲು 17ನೇ ಶತಮಾನದ ನಡುವಿನಲ್ಲಿ ಇಟಲಿಯ ಜೆಸುಯಿಟ್ ಲಿಯೊನಾರ್ಡೊ ಚಿನ್ನಾಮಿ ಶ್ರೀರಂಗಪಟ್ಟಣಕ್ಕೆ ಬಂದು ಕನ್ನಡ ಕಲಿತು ವ್ಯಾಕರಣ ಬರೆದಿದ್ದರು. 1810ರಿಂದ ಬಳ್ಳಾರಿಯಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಸತ್ಯವೇದದ ಕನ್ನಡ ಅನುವಾದಕ್ಕೆ ಕೂತಿದ್ದರು. ಆದರೆ ಈ ಕಥೆಗೆ ಹೊಸ ತಿರುವು ಬಂದದ್ದು 1834ರ ಅಕ್ಟೋಬರಿನಲ್ಲಿ, ಸ್ಯಾಮುವೆಲ್ ಹೆಬಿಕ್, ಲೆನರ್, ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದಾಗ. ಹಿಂದಿನ ವರ್ಷವಷ್ಟೇ ಈಸ್ಟ್ ಇಂಡಿಯಾ ಕಂಪನಿಯ ಸನ್ನದು ಬದಲಾಗಿ, ಬ್ರಿಟಿಷರಲ್ಲದ ಮಿಷನರಿಗಳಿಗೂ ಇಲ್ಲಿ ಬಾಗಿಲು ತೆರೆದಿತ್ತು.

ಇವರನ್ನು ಕಳಿಸಿದವರು ಯಾರು? ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ 1815ರಲ್ಲಿ ಹುಟ್ಟಿದ ಬಾಸೆಲ್ ಮಿಷನ್ ಸಂಸ್ಥೆ ಎಂಬುದು ಸುಲಭದ ಉತ್ತರ. ಸಂಸ್ಥೆಯ ಆಡಳಿತ ಬಾಸೆಲಿನ ಸಿರಿವಂತ ವರ್ತಕ ಮನೆತನಗಳ ಕೈಯಲ್ಲಿತ್ತು, ಆದರೆ ಹಡಗು ಹತ್ತಿದವರಲ್ಲಿ ಬಹಳ ಮಂದಿ ದಕ್ಷಿಣ ಜರ್ಮನಿಯ ವ್ಯೂರ್ಟೆಂಬರ್ಗ್ ಸೀಮೆಯ ರೈತರ, ಕಸುಬುದಾರರ ಮಕ್ಕಳು. ಅಲ್ಲಿನ ಹಳ್ಳಿಗಳಲ್ಲಿ ಚರ್ಚಿನ ಅಧಿಕೃತ ಆರಾಧನೆಯ ಜೊತೆಗೆ ಇನ್ನೊಂದು ರೂಢಿಯಿತ್ತು. ದುಡಿಮೆ ಮುಗಿಸಿದ ಮೇಲೆ ನೆರೆಹೊರೆಯವರು ಯಾರದಾದರೂ ಮನೆಯಲ್ಲಿ ಸೇರಿ ಸತ್ಯವೇದ ಓದುವುದು, ಹಾಡುವುದು, ಓದಿದ್ದನ್ನು ತಮ್ಮ ಬಾಳಿಗೆ ಹೋಲಿಸಿ ಮಾತಾಡುವುದು. ಹೊಲ, ಮಗ್ಗ, ಅಡುಗೆಮನೆ ಎಲ್ಲವೂ ದೇವರ ಲೆಕ್ಕಕ್ಕೆ ಸೇರಿದವು ಎಂಬ ಪಿಯೆಟಿಸ್ಟ್ ನಂಬಿಕೆ ಅದು. 1850ರ ದಶಕದಲ್ಲಿ ಬಾಸೆಲಿನವರು ವಾರಕ್ಕೊಂದು ಅರೆಕಾಸಿನ ವಂತಿಗೆ ಆರಂಭಿಸಿದರು. ಸಾಮಾನ್ಯ ಸಂಸಾರಗಳು ವಾರವಾರವೂ ಎತ್ತಿಟ್ಟ ಚಿಲ್ಲರೆಯೇ ಮಿಷನ್ನಿನ ಮುಖ್ಯ ಆದಾಯಗಳಲ್ಲಿ ಒಂದಾಯಿತು. ಮಂಗಳೂರಿನ ಬಲ್ಮಠದಲ್ಲಿ ಎದ್ದ ಕಟ್ಟಡಗಳಲ್ಲಿ ಎಂದೂ ಕಡಲು ನೋಡದ ಹೆಂಗಸರ ಕಾಸು ಇದೆ.

ಬಂದವರ ಮೊದಲ ಉತ್ಸಾಹವೇನೋ ಬೀದಿಯ ಉತ್ಸಾಹವೇ. ಹೆಬಿಕ್ ಜಾತ್ರೆಗಳಿಗೇ ಹೋಗಿ ಗಟ್ಟಿ ದನಿಯಲ್ಲಿ ಬೋಧಿಸುತ್ತಿದ್ದರು. ಜನ ಕಲ್ಲು, ಸೆಗಣಿ ಎಸೆದದ್ದೂ ಉಂಟು. ಇನ್ನೊಬ್ಬರ ಹಬ್ಬದ ನಡುವೆ ನಿಂತು ಅವರ ದೇವರನ್ನು ಜರೆಯುವುದು ಧೈರ್ಯವೋ ಒರಟುತನವೋ? ಎರಡೂ ಎಂದೇ ನಾನು ಹೇಳುವೆ. ಅದರ ಕಹಿ ಇವತ್ತಿಗೂ ಪೂರ್ತಿ ಇಳಿದಿಲ್ಲ.

ಮಿಷನ್ನನ್ನು ನೆಲಕ್ಕಿಳಿಸಿದ್ದು ಹೊಟ್ಟೆಪಾಡು. ದೀಕ್ಷಾಸ್ನಾನ ಪಡೆದವರಲ್ಲಿ ಹಲವರು ಬಿಲ್ಲವರು. ಕಳ್ಳು ಇಳಿಸುವ ಮೂರ್ತೆ ಕೆಲಸ ಬಿಡಬೇಕೆಂದು ಮಿಷನ್ ಕೇಳಿತು, ಗೇಣಿಗೆ ಕೊಟ್ಟಿದ್ದ ಭೂಮಿಯನ್ನು ಕೆಲವೆಡೆ ಒಡೆಯರು ಬಿಡಿಸಿಕೊಂಡರು, ಜಾತಿಯವರು ದೂರ ಮಾಡಿದರು. ಹೀಗೆ ಬೀದಿಗೆ ಬಿದ್ದವರಿಗೆ ಬೋಧನೆ ಮಾತ್ರ ಸಾಲದು. ಪುಸ್ತಕ ಕಟ್ಟುವ ಕೆಲಸ, ಬಡಗಿ ಕೆಲಸ, ಹೀಗೆ ಒಂದೊಂದನ್ನೇ ಹಚ್ಚಿ ನೋಡಿದರು, ಎಷ್ಟೋ ಕೈಕೊಟ್ಟವು. 1851ರಲ್ಲಿ ಬಂದ ಹಾಲರ್ ಎಂಬ ನೇಯ್ಗೆಯ ಪರಿಣತರಿಂದ ಬಲ್ಮಠದ ಮಗ್ಗಗಳು ಚೇತರಿಸಿಕೊಂಡವು. ಖಾಕಿ ಬಣ್ಣ ಅಲ್ಲಿಯೇ ತಯಾರಾಯಿತೆಂದು ಹೇಳಿಕೆಯಿದೆ. 1865ರಲ್ಲಿ ಮಿಷನ್ನಿನ ಪ್ಲೆಬ್ಸ್ಟ್ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದರು. ನದಿ ಬಯಲಿನ ಜೇಡಿಮಣ್ಣನ್ನು ದೋಣಿಯಲ್ಲಿ ತಂದು, ಹದಮಾಡಿ, ಅಚ್ಚಿಗೆ ಒತ್ತಿ, ನೆರಳಲ್ಲಿ ಆರಿಸಿ, ಭಟ್ಟಿಯಲ್ಲಿ ಸುಟ್ಟು ತೆಗೆದ ಕೆಂಪು ಹಂಚು. ಕರಾವಳಿಯ ಹಳೆಯ ಮನೆ ಕೆಡವುವಾಗ ಕೆಳಗಿಳಿಸಿದ ಹಂಚನ್ನು ಬೋರಲು ಹಾಕಿದರೆ, ಪಾಚಿಯಡಿ ಬಾಸೆಲ್ ಮಿಷನ್ನಿನ ಹೆಸರಿನ ಇಂಗ್ಲಿಷ್ ಅಕ್ಷರಗಳು ಇನ್ನೂ ಕೈಗೆ ತಾಕುತ್ತವೆ. ದೇವಸ್ಥಾನ, ಮಸೀದಿ, ಕಚೇರಿ, ಎಲ್ಲದರ ಮಾಡಿಗೂ ಅದೇ ಹಂಚು.

ಇದಕ್ಕೆ ಇನ್ನೊಂದು ಮುಖವೂ ಇತ್ತು. ಕೂಲಿ ಕೊಡುವವರೂ, ಮನೆ ಕೊಡುವವರೂ, ಭಾನುವಾರ ಪ್ರಸಂಗ ಮಾಡುವವರೂ ಒಂದೇ ಸಂಸ್ಥೆಯವರಾದರೆ ಭಕ್ತಿ ಎಷ್ಟು, ಮುಲಾಜು ಎಷ್ಟು ಎಂದು ಅಳೆಯುವುದು ಕಷ್ಟ. ಈ ಅವಲಂಬನೆ ಸಭೆಗೆ ಒಗ್ಗಿಹೋಗಿ, ಮುಂದಿನ ತಲೆಮಾರುಗಳಿಗೂ ಹೊರೆಯಾಯಿತು.

ಭಾಷೆಯ ಕೆಲಸ ಎಲ್ಲರಿಗೂ ಗೊತ್ತಿರುವುದೇ. ಬಾಸೆಲ್ ಮಿಷನ್ನಿನ ಮೋಗ್ಲಿಂಗ್ 1843ರ ಜುಲೈ 1ರಂದು ಕಲ್ಲಚ್ಚಿನಲ್ಲಿ ‘ಮಂಗಳೂರ ಸಮಾಚಾರ’ ತಂದರು. ಮುಂದೆ ‘ಬಿಬ್ಲಿಯೋಥಿಕಾ ಕರ್ನಾಟಿಕಾ’ ಮಾಲೆಯಲ್ಲಿ ದಾಸರ ಪದಗಳನ್ನೂ ಜೈಮಿನಿ ಭಾರತವನ್ನೂ ಅಚ್ಚು ಹಾಕಿಸಿದರು. ಅದೇ ಮಿಷನ್ನಿನ ಕಿಟೆಲರ ನಿಘಂಟು 1894ರಲ್ಲಿ ಬಂತು, ಸುಮಾರು 70,000 ಪದಗಳೊಂದಿಗೆ. ಮತಪ್ರಚಾರಕ್ಕೆ ಬಂದವರು ಪುರಂದರದಾಸರನ್ನು ಅಚ್ಚು ಮಾಡಿದ್ದೇಕೆ? ಇಲ್ಲಿನವರ ಮನಸ್ಸು ತಿಳಿಯಲು ಎಂಬ ಲೆಕ್ಕಾಚಾರ ಅದರಲ್ಲಿತ್ತು, ನಿಜ. ಆದರೆ ಮಂದಿಯ ಬಾಯಲ್ಲಿರುವ ಹಾಡಿನ ಜೊತೆ ಹತ್ತಾರು ವರ್ಷ ಕೂತವರು ಲೆಕ್ಕಾಚಾರದಲ್ಲೇ ಉಳಿಯುವುದಿಲ್ಲ. ಕಿಟೆಲರ ಮೇಲಿನವರಿಗೆ ಅವರ ಪಾಂಡಿತ್ಯದ ಬಗ್ಗೆ ಅನುಮಾನವಿತ್ತು, ಅದು ಮಿಷನರಿಯ ಕೆಲಸವಲ್ಲ ಎಂಬ ಗೊಣಗಾಟವಿತ್ತು. ಆದರೂ ಅವರು ಅದನ್ನು ಬಿಡಲಿಲ್ಲ.

ನನ್ನ ಮಟ್ಟಿಗೆ ಈ ಇಡೀ ಚರಿತ್ರೆಯಲ್ಲಿ ಹೆಚ್ಚು ಮುಖ್ಯರಾದವರು ಉತ್ತಂಗಿ ಚನ್ನಪ್ಪನವರು. 1881ರಲ್ಲಿ ಧಾರವಾಡದಲ್ಲಿ ಹುಟ್ಟಿ, ಬಾಸೆಲ್ ಮಿಷನ್ನಿನಲ್ಲಿ ಓದಿ, ಸಭಾಪಾಲಕರಾಗಿ ಊರೂರು ತಿರುಗಿದ ರೆವರೆಂಡ್. ಸಭಾಪಾಲಕರ ದಿನಚರಿ ಎಂದರೆ ನಡಿಗೆ, ಮನೆ ಭೇಟಿ, ಮದುವೆ, ಮಣ್ಣು. ಆ ನಡಿಗೆಯಲ್ಲೇ ಅವರು ರೈತರ, ಜಂಗಮರ ಬಾಯಲ್ಲಿದ್ದ ಸರ್ವಜ್ಞನ ತ್ರಿಪದಿಗಳನ್ನು ಕೂಡಿಹಾಕಿದರು. 1924ರಲ್ಲಿ ಅವರ ಸಂಪಾದನೆ ಬಂದಾಗ ಸರ್ವಜ್ಞ ವಿದ್ವತ್ತಿನ ಅಂಗಳಕ್ಕೂ ಬಂದ. ಅನುಭವ ಮಂಟಪದ ಐತಿಹಾಸಿಕತೆಯನ್ನು ವಾದಿಸಿ ಬರೆದವರೂ ಅವರೇ. 1949ರಲ್ಲಿ ಕಲಬುರಗಿಯ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಕ್ರಿಸ್ತನ ಮೇಲಿನ ನಂಬಿಕೆಯಲ್ಲಿ ಒಂದಿಷ್ಟೂ ಸಡಿಲವಾಗದೆ, ವಚನಕಾರರ ಮುಂದೆ ಕಲಿಯುವವನಂತೆ ಕೂತದ್ದು ಅವರ ಹೆಚ್ಚುಗಾರಿಕೆ. ಜಾತ್ರೆಯಲ್ಲಿ ಕೂಗಿದ ಹೆಬಿಕ್‌ರಿಂದ ಇವರ ಸರ್ವಜ್ಞ ಸಂಪಾದನೆಯವರೆಗೆ ನೂರು ವರ್ಷವೂ ಆಗಿರಲಿಲ್ಲ, ಆದರೆ ಮಿಷನ್ ಎಂಬುದರ ದಿಕ್ಕೇ ತಿರುಗಿತ್ತು.

ನಡುವೆ ದೊಡ್ಡ ಪೆಟ್ಟೊಂದು ಬಿದ್ದಿತ್ತು. 1914ರಲ್ಲಿ ಮಹಾಯುದ್ಧ ಶುರುವಾದಾಗ ಬ್ರಿಟಿಷ್ ಸರ್ಕಾರದ ಕಣ್ಣಿಗೆ ಜರ್ಮನ್ ಮಿಷನರಿಗಳು ಶತ್ರುಗಳಾದರು. ಅವರನ್ನು ಕೂಡಿಹಾಕಿ ಊರಿಗೆ ಕಳಿಸಲಾಯಿತು. ಕಾರ್ಖಾನೆಗಳು ಕೈಬಿಟ್ಟು ಕಾಮನ್‌ವೆಲ್ತ್ ಟ್ರಸ್ಟಿನ ಪಾಲಾದವು. ಹಣವೂ ಹೋಯಿತು, ಯಜಮಾನರೂ ಹೋದರು. ಆದರೂ ಸಭೆಗಳು ನಿಂತಲ್ಲೇ ಉಳಿದದ್ದು ಇಲ್ಲಿನ ಉಪದೇಶಿಗಳು, ಶಾಲೆಯ ಮಾಸ್ತರರು, ಬೈಬಲ್ ಸ್ತ್ರೀಯರಿಂದ. ಈ ಹೆಂಗಸರು ಗಂಡಸು ಪಾದ್ರಿಗೆ ಪ್ರವೇಶವಿಲ್ಲದ ಒಳಮನೆಗಳಿಗೆ ಹೋಗಿ, ಓದು ಕಲಿಸಿ, ಬಾಣಂತಿಯರ ಯೋಗಕ್ಷೇಮ ವಿಚಾರಿಸಿ ಬರುತ್ತಿದ್ದರು. ವರದಿಗಳಲ್ಲಿ ಇವರಿಗೆ ಸಿಕ್ಕ ಜಾಗ ಹೆಚ್ಚೆಂದರೆ ಒಂದೆರಡು ಸಾಲು.

ದೇಶದ ಬೇರೆಡೆಯೂ ಗಾಳಿ ಬದಲಾಗುತ್ತಿತ್ತು. ತಿರುನೆಲ್ವೇಲಿಯಲ್ಲಿ 1903ರಲ್ಲಿ, ಸೆರಾಂಪುರದಲ್ಲಿ 1905ರಲ್ಲಿ ಭಾರತೀಯರದೇ ಹಣ, ಭಾರತೀಯರದೇ ಆಡಳಿತದ ಮಿಷನರಿ ಸಂಘಗಳು ಹುಟ್ಟಿದವು. ಎರಡರ ಹಿಂದೆಯೂ ಇದ್ದ ವಿ. ಎಸ್. ಅಜರಯ್ಯ 1910ರ ಎಡಿನ್‌ಬರೋ ಸಮ್ಮೇಳನದಲ್ಲಿ ಬಿಳಿಯ ಮಿಷನರಿಗಳ ಮುಖಕ್ಕೇ ಹೇಳಿದರು: ತ್ಯಾಗ ಮಾಡಿದಿರಿ, ದಾನ ಕೊಟ್ಟಿರಿ, ಸಮನಾಗಿ ಕೂತು ಗೆಳೆತನ ಮಾಡಲಿಲ್ಲ ಎನ್ನುವ ಅರ್ಥದ ಮಾತು ಅದು. ಹೆಚ್ಚುಕಮ್ಮಿ ಅದೇ ಕಾಲಕ್ಕೆ ಮಿಜೋ ಬೆಟ್ಟಗಳಲ್ಲಿ ಪ್ರೆಸ್ಬಿಟೇರಿಯನ್ ಮನೆಗಳ ಹೆಂಗಸರು ಅನ್ನಕ್ಕಿಡುವಾಗಲೆಲ್ಲ ಒಂದು ಹಿಡಿ ಅಕ್ಕಿ ಬೇರೆ ಡಬ್ಬಿಗೆ ಹಾಕತೊಡಗಿದರು. ಸಭೆಯವರು ಅದನ್ನು ಕೂಡಿಸಿ ಮಾರಿ ಮಿಷನ್ನಿಗೆ ಕೊಡುತ್ತಾರೆ. ಇಂದು ಆ ಹಿಡಿಯಕ್ಕಿಯ ಮೊತ್ತ ವರ್ಷಕ್ಕೆ ಕೋಟಿಗಳಲ್ಲಿದೆ. ಬಾಸೆಲಿನ ಅರೆಕಾಸಿಗೂ ಇದಕ್ಕೂ ಸಂಬಂಧವಿಲ್ಲ, ಯಾರೂ ಯಾರನ್ನೂ ನೋಡಿ ಕಲಿತದ್ದಲ್ಲ.

ಕಥೋಲಿಕರ ದಾರಿ ಬೇರೆ, ತಲುಪಿದ ಜಾಗ ಅಷ್ಟು ಬೇರೆಯಲ್ಲ. ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜಿಗೆ ಪಾಠ ಹೇಳಲು ಬಂದ ಜರ್ಮನ್ ಜೆಸುಯಿಟ್ ಅಗಸ್ಟಸ್ ಮುಲ್ಲರ್ 1880ರಲ್ಲಿ ಕಂಕನಾಡಿಯಲ್ಲಿ ಬಡವರಿಗೆ ಹೋಮಿಯೋಪತಿ ಗುಳಿಗೆ ಕೊಡಲು ಕೂತರು, ಹತ್ತು ವರ್ಷದಲ್ಲಿ ಕುಷ್ಠರೋಗಿಗಳ ಆಸ್ಪತ್ರೆಯೂ ಆಯಿತು. ಈಗಿನ ದೊಡ್ಡ ಮೆಡಿಕಲ್ ಕಾಲೇಜಿನ ಬೇರು ಅಲ್ಲಿದೆ. ರೋಮ್ 1927ರಲ್ಲಿ ಮಿಷನ್ನುಗಳ ಪಾಲಕಿ ಎಂದು ಸಾರಿದ್ದು ಲಿಸಿಯೂದ ತೆರೇಸಾಳನ್ನು. ಇಪ್ಪತ್ತನಾಲ್ಕಕ್ಕೇ ತೀರಿಕೊಂಡ, ಮಠದ ಬಟ್ಟೆ ಒಗೆಯುತ್ತ ಪಾತ್ರೆ ತೊಳೆಯುತ್ತ ಪ್ರಾರ್ಥಿಸಿದ, ಯಾವ ಮಿಷನ್ ನಾಡಿಗೂ ಕಾಲಿಡದ ಹುಡುಗಿ. ಎರಡನೇ ವ್ಯಾಟಿಕನ್ ಮಹಾಸಭೆಯ ನಂತರ ಪೂಜೆ ಲ್ಯಾಟಿನ್ನಿನಿಂದ ಜನರ ಭಾಷೆಗೆ ಇಳಿಯಿತು. ಬೆಂಗಳೂರಿನಲ್ಲಿ ಕಥೋಲಿಕರ ರಾಷ್ಟ್ರೀಯ ಕೇಂದ್ರ ಕಟ್ಟಿದ ಪಾದ್ರಿ ಅಮಲೋರ್‌ಪವದಾಸ್ ಆರತಿ, ದೀಪ, ನೆಲದ ಮೇಲಿನ ಆಸನಗಳನ್ನು ಆರಾಧನೆಗೆ ತಂದರು, ಆಮೇಲೆ ಮೈಸೂರಿನಲ್ಲಿ ಅಂಜಲಿ ಆಶ್ರಮ ಸ್ಥಾಪಿಸಿದರು. ಇದು ಮೇಲ್ಜಾತಿಯ ರೂಪಗಳ ಅನುಕರಣೆ ಎಂದು ದಲಿತ ಕ್ರೈಸ್ತ ಚಿಂತಕರು ಟೀಕಿಸಿದರು. ಆ ಟೀಕೆಯಲ್ಲಿ ಹುರುಳಿದೆ. ದಿನನಿತ್ಯ ಎಂದಾಗ ಯಾರ ದಿನನಿತ್ಯ ಎಂದು ಕೇಳಲೇಬೇಕು. ಹೊರಗೆ ಸಮಾನತೆ ಬೋಧಿಸಿ ಒಳಗೆ ಮದುವೆ ಸಂಬಂಧಕ್ಕೆ ಜಾತಿ ಕೇಳುವ ಸಭೆಗಳು ನಮ್ಮಲ್ಲಿ ಕಡಿಮೆಯೇನಲ್ಲ.

ಇತ್ತ 1947ರಲ್ಲಿ ಹಲವು ಪ್ರೊಟೆಸ್ಟೆಂಟ್ ಸಭೆಗಳು ಕೂಡಿ ದಕ್ಷಿಣ ಭಾರತ ಸಭೆಯಾಯಿತು, ಬಾಸೆಲ್ ಸಭೆಗಳೂ ಒಂದೊಂದಾಗಿ ಅದರಲ್ಲಿ ಸೇರಿದವು. 1957ರಲ್ಲಿ ಬೆಂಗಳೂರಿನಲ್ಲಿ ಪಿ. ಡಿ. ದೇವಾನಂದನ್ ನೇತೃತ್ವದಲ್ಲಿ ಧರ್ಮ ಮತ್ತು ಸಮಾಜದ ಅಧ್ಯಯನಕ್ಕೆಂದೇ ಕ್ರೈಸ್ತ ಕೇಂದ್ರವೊಂದು ತಲೆಯೆತ್ತಿತು. ಅವರ ನಂತರ ಎಂ. ಎಂ. ಥಾಮಸ್ ಮುಂದುವರಿಸಿದರು. ನೆರೆಯವನೊಡನೆ ಸೇರಿ ದೇಶ ಕಟ್ಟುವುದೇ ಸಾಕ್ಷಿ ಎಂಬ ಅವರ ವಿಚಾರ ಸೆಮಿನರಿಗಳಲ್ಲಿ ಗಟ್ಟಿಯಾಗಿ ಬೇರೂರಿತು, ಭಾನುವಾರದ ಪ್ರಸಂಗಪೀಠಕ್ಕೆ ಅಷ್ಟಾಗಿ ಇಳಿಯಲಿಲ್ಲ.

ಇಳಿದದ್ದು ಬೇರೆ. ಹುಬ್ಬಳ್ಳಿಯಲ್ಲೋ ಬಳ್ಳಾರಿಯಲ್ಲೋ ವಾರದ ಕುಟುಂಬ ಪ್ರಾರ್ಥನೆ ನೋಡಿ. ಬಾಗಿಲಲ್ಲಿ ಚಪ್ಪಲಿ ರಾಶಿ, ಚಾಪೆ ಸಾಲದೆ ಪಕ್ಕದ ಮನೆಯಿಂದ ತಂದ ಕುರ್ಚಿ, ಮೂಲೆಯಲ್ಲಿ ಹೋಂವರ್ಕ್ ಮುಗಿಸದ ಮಕ್ಕಳು. ಹಾಡು ಎತ್ತಿಕೊಡುವ ಅಜ್ಜಿಗೆ ಪುಸ್ತಕ ಬೇಡ. ಆಮೇಲೆ ಒಬ್ಬೊಬ್ಬರ ಬೇಡಿಕೆ: ಮಗನ ನೌಕರಿ, ಸೊಸೆಯ ಹೆರಿಗೆ, ಕೋರ್ಟಿನಲ್ಲಿರುವ ಜಾಗದ ಕೇಸು, ಎದುರು ಮನೆಯ ಅಮ್ಮನ ಮೊಣಕಾಲು ನೋವು. ಕೊನೆಗೆ ಒಗ್ಗರಣೆ ಅವಲಕ್ಕಿ, ಚಹಾ. ಇಲ್ಲವೇ ಬೆಳೆ ಹಬ್ಬದ ಹರಾಜು: ತೆಂಗಿನಕಾಯಿ, ಹುಂಜ, ಪಪ್ಪಾಯಿ, ಮನೆಯಲ್ಲಿ ಮಾಡಿದ ಚಕ್ಕುಲಿ. ಪೇಟೆಯ ಬೆಲೆಗಿಂತ ಹತ್ತುಪಟ್ಟಿಗೆ ಕೂಗಿ ಕೊಂಡವರು ಅದನ್ನು ವಾಪಸು ಮೇಜಿನ ಮೇಲಿಟ್ಟು ಮತ್ತೆ ಕೂಗಿಸುತ್ತಾರೆ. ಸಭೆಯ ಕಾರ್ಯಕ್ರಮಗಳು ಸೊರಗಿದಾಗ, ಆಸ್ತಿ ತಕರಾರು, ಚುನಾವಣೆ ರಾಜಕೀಯಗಳಿಂದ ಜನ ಬೇಸತ್ತಾಗ, ಮತ್ತೆ ಬರುವ ಮನಸ್ಸು ಹುಟ್ಟುವುದು ಇಂಥ ಕಡೆ. ಪೋಪ್ ಫ್ರಾನ್ಸಿಸ್ 2013ರ ತಮ್ಮ ಪ್ರಬೋಧನಾ ಪತ್ರದಲ್ಲಿ ದೀಕ್ಷಾಸ್ನಾನ ಪಡೆದ ಪ್ರತಿಯೊಬ್ಬರೂ ಮಿಷನರಿಯೇ ಎಂದಾಗ, ಇಲ್ಲಿನ ಅಜ್ಜಿಯರಿಗೆ ಅದು ಹೊಸ ಸುದ್ದಿಯೇನೂ ಆಗಿರಲಾರದು.

ವಿಚಿತ್ರವೆಂದರೆ ಈಗ ಹೆಚ್ಚು ತಕರಾರಿಗೆ ಸಿಕ್ಕಿರುವುದೂ ಆ ಪಡಸಾಲೆಯೇ. ಧರ್ಮ ಪ್ರಸಾರದ ಹಕ್ಕೆಂದರೆ ಇನ್ನೊಬ್ಬರನ್ನು ಮತಾಂತರಿಸುವ ಹಕ್ಕಲ್ಲ ಎಂದು ಸುಪ್ರೀಂ ಕೋರ್ಟ್ 1977ರಲ್ಲೇ ಹೇಳಿತ್ತು. 2008ರ ಸೆಪ್ಟೆಂಬರಿನಲ್ಲಿ ಮಂಗಳೂರು ಮತ್ತು ಸುತ್ತಲಿನ ಚರ್ಚುಗಳ ಮೇಲೆ ದಾಳಿಗಳಾದವು. ಕರ್ನಾಟಕ 2022ರಲ್ಲಿ ಮತಾಂತರ ತಡೆ ಕಾಯ್ದೆ ತಂದಿತು, 2023ರಲ್ಲಿ ಹೊಸ ಸಚಿವ ಸಂಪುಟ ಅದನ್ನು ಹಿಂಪಡೆಯಲು ನಿರ್ಧರಿಸಿತು. ಬಾಡಿಗೆ ಮನೆಯಲ್ಲಿ ಹತ್ತು ಜನ ಕೂತು ಪ್ರಾರ್ಥಿಸಿದ್ದೇ ಪೊಲೀಸ್ ದೂರಾದ ಪ್ರಕರಣಗಳು ಪತ್ರಿಕೆಗಳಲ್ಲಿ ಬರುತ್ತಲೇ ಇವೆ. ಜಾತ್ರೆಯ ಹೆಬಿಕ್‌ರನ್ನು ಮನಸ್ಸಿನಲ್ಲಿಟ್ಟುಕೊಂಡು ನೆರೆಯವರು ಅಂಜುತ್ತಾರೆ. ಇತರ ಧರ್ಮಗಳನ್ನು ಹಳಿಯುವ ಕರಪತ್ರಗಳನ್ನು ಈಗಲೂ ಹಂಚುವ ಕೆಲವು ಗುಂಪುಗಳು ಆ ಅಂಜಿಕೆಗೆ ಇಂಬು ಕೊಡುತ್ತವೆ. ಇತ್ತ ಪಡಸಾಲೆಯಲ್ಲಿ ಕೂತವರು ಎದುರು ಮನೆಯ ಅಮ್ಮನ ಮೊಣಕಾಲಿಗೂ ಪ್ರಾರ್ಥಿಸಬೇಕೋ ಬೇಡವೋ, ಪ್ರಾರ್ಥಿಸಿದರೆ ಆಕೆಗೆ ಹೇಳಬೇಕೋ ಬೇಡವೋ ಎಂದು ಯೋಚಿಸುವಂತಾಗಿದೆ.